ಹೋಬಳಿಯ ತೆರೆ ಯಾರಿಗೆ ತೆರೆದಿದೆ?

ಕರ್ನಾಟಕದ ಭೂದಾಖಲೆಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆ 2000–01ರ ಸುಮಾರಿಗೆ ತಾಲ್ಲೂಕು ಕಚೇರಿಗಳಿಗೆ ಬಂದಾಗ ಅದರಲ್ಲಿ ಒಂದು ಸಣ್ಣ, ಆದರೆ ಬಹಳ ಅರ್ಥಪೂರ್ಣವಾದ ಏರ್ಪಾಡು ಇತ್ತು. ಪಹಣಿ ನೀಡುವ ಕಿಟಕಿಯಲ್ಲಿ ಸಿಬ್ಬಂದಿಯ ಎದುರು ಒಂದು ಪರದೆ. ಅದೇ ಮಾಹಿತಿಯನ್ನು ತೋರಿಸುವ ಮತ್ತೊಂದು ಪರದೆ ರೈತನ ಕಡೆಗೆ ಮುಖಮಾಡಿ. ತನ್ನ ಸರ್ವೆ ನಂಬರಿನ ಎದುರು ಯಾರ ಹೆಸರು ಇದೆ, ಎಷ್ಟು ಎಕರೆ ಎಷ್ಟು ಗುಂಟೆ ಇದೆ ಎಂಬುದನ್ನು ಆತ ತಾನೇ ನೋಡಬಹುದಾಗಿತ್ತು. ಸುಮಾರು 67 ಲಕ್ಷ ಭೂಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಿಂದ ಕಂಪ್ಯೂಟರಿಗೆ ಬಂದದ್ದು ದೊಡ್ಡ ಆಡಳಿತ ಸುಧಾರಣೆ ಎಂಬುದರಲ್ಲಿ ಎರಡು ಮಾತಿಲ್ಲ. 15 ರೂಪಾಯಿ ಶುಲ್ಕ ಕಟ್ಟಿ, ಯಾರ ಕೈಯನ್ನೂ ಬಿಸಿ ಮಾಡದೆ ಪಹಣಿ ಪಡೆಯುವ ಅವಕಾಶ ಆ ಹಿಂದಿನ ವ್ಯವಸ್ಥೆಯನ್ನು ಕಂಡವರಿಗೆ ಪವಾಡದಂತೆಯೇ ತೋರಿತ್ತು.

ಆ ಎರಡನೆಯ ಪರದೆಯ ಹಿಂದಿದ್ದ ತತ್ವವನ್ನು ಮೆಚ್ಚುತ್ತಲೇ ಅದರಲ್ಲಿ ಅಡಗಿದ್ದ ಒಂದು ಗೃಹೀತವನ್ನೂ ಗುರುತಿಸಬೇಕು. ಕಿಟಕಿಯ ಆಚೆ ನಿಂತವನಿಗೆ ಕಣ್ಣು ಕಾಣುತ್ತದೆ, ಅಕ್ಷರ ಬರುತ್ತದೆ, ಅಷ್ಟು ಎತ್ತರಕ್ಕೆ ಕತ್ತೆತ್ತಿ ನೋಡಬಲ್ಲ ಎಂದು ಅದು ಭಾವಿಸಿತ್ತು. ಆಗ ಅದು ಅಷ್ಟಾಗಿ ಬಾಧಿಸಲಿಲ್ಲ. ಏಕೆಂದರೆ ಪರದೆಯ ಪಕ್ಕದಲ್ಲಿ ಒಬ್ಬ ಮನುಷ್ಯನಿದ್ದ. ಓದಿ ಹೇಳಯ್ಯ ಎಂದರೆ ಓದಿ ಹೇಳುತ್ತಿದ್ದ, ಇಲ್ಲವಾದರೆ ಸರತಿಯಲ್ಲಿ ಹಿಂದೆ ನಿಂತವರು ಹೇಳುತ್ತಿದ್ದರು.

ಕಾಲು ಶತಮಾನದ ನಂತರ ಆ ಮನುಷ್ಯ ಮರೆಯಾಗುತ್ತಿದ್ದಾನೆ, ಪರದೆ ಮಾತ್ರ ಉಳಿದಿದೆ. ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಗೌಡಗೆರೆಯನ್ನೇ ತೆಗೆದುಕೊಳ್ಳೋಣ. ಇದೊಂದು ಹೋಬಳಿ ಕೇಂದ್ರ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿದ ಈ ಬಯಲುಸೀಮೆಯಲ್ಲಿ ಮಳೆಯಾಶ್ರಿತ ಶೇಂಗಾ ಬೆಳೆಯೇ ಬಹುಮಂದಿಯ ಬದುಕು. ಶೇಂಗಾ ಬಿತ್ತಿದ ರೈತ ಇಂದು ಸರ್ಕಾರದ ಕಣ್ಣಿಗೆ ಬೀಳಬೇಕಾದರೆ ಎಷ್ಟು ಪರದೆಗಳನ್ನು ದಾಟಬೇಕು ಎಂಬುದನ್ನು ಎಣಿಸಿ ನೋಡಿ. ‘ಫ್ರೂಟ್ಸ್’ ಗುರುತಿನ ಸಂಖ್ಯೆ ಇರಬೇಕು. ಬೆಳೆ ವಿಮೆಗೆ ‘ಸಂರಕ್ಷಣೆ’ ತಾಣದಲ್ಲಿ ನೋಂದಣಿ ಆಗಬೇಕು. ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ಹೊಲದ ಚಿತ್ರ, ಬೆಳೆಯ ಹೆಸರು ದಾಖಲಾಗಬೇಕು. ವಿಮೆಯಲ್ಲಿ ಬರೆಸಿದ ಬೆಳೆಗೂ ಸಮೀಕ್ಷೆಯಲ್ಲಿ ಕಂಡ ಬೆಳೆಗೂ ತಾಳೆಯಾಗಬೇಕು. ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿಯ ಕಂತು ಬರಲು ಇ-ಕೆವೈಸಿ ಆಗಬೇಕು, ಅದಕ್ಕೆ ಒಟಿಪಿ ಅಥವಾ ಬೆರಳಚ್ಚು ಅಥವಾ 2023ರಿಂದ ಮೊಬೈಲಿನ ಮುಂದೆ ಮುಖ ಹಿಡಿಯುವ ವಿಧಾನ. ಜಾತಿ, ಆದಾಯ ಪ್ರಮಾಣಪತ್ರಗಳಿಗೆ ನಾಡಕಚೇರಿಯ ತಂತ್ರಾಂಶ, ಉಳಿದ ನೂರಾರು ಸೇವೆಗಳಿಗೆ ‘ಸೇವಾ ಸಿಂಧು’. ಅಂಗವಿಕಲರಿಗೆ ಇವೆಲ್ಲದರ ಮೇಲೆ ಯುಡಿಐಡಿ ಕಾರ್ಡು, ಅದಕ್ಕೊಂದು ಬೇರೆಯೇ ಜಾಲತಾಣ.

ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ನಡೆದಿರುವುದು ಒಂದು ದೊಡ್ಡ ವೆಚ್ಚದ ವರ್ಗಾವಣೆ. ಹಿಂದೆ ಅರ್ಜಿಯನ್ನು ಓದಿ, ತಪ್ಪು ತಿದ್ದಿ, ವಹಿಯಲ್ಲಿ ಬರೆಯುವ ಶ್ರಮ ಗುಮಾಸ್ತನದಾಗಿತ್ತು. ಅದಕ್ಕೆ ಸರ್ಕಾರ ಸಂಬಳ ಕೊಡುತ್ತಿತ್ತು. ಈಗ ಆ ದತ್ತಾಂಶ ನಮೂದಿಸುವ ಕೆಲಸ ನಾಗರಿಕನ ಪಾಲಿಗೆ ಬಂದಿದೆ. ಸಂಬಳವಿಲ್ಲದ ಈ ಕೆಲಸವನ್ನು ಕಣ್ಣು, ಕೈ, ಓದು ಎಲ್ಲವೂ ಚೆನ್ನಾಗಿರುವವರು ಹತ್ತು ನಿಮಿಷದಲ್ಲಿ ಮುಗಿಸಿ, ಸರ್ಕಾರ ಎಷ್ಟು ಚುರುಕಾಗಿದೆ ಎಂದು ಸಂತೋಷಪಡುತ್ತಾರೆ. ಮಾಡಲಾಗದವರು ಬೇರೆಯವರನ್ನು ಹಿಡಿಯುತ್ತಾರೆ. ಬಸ್ ನಿಲ್ದಾಣದ ಪಕ್ಕದ ಜೆರಾಕ್ಸ್ ಅಂಗಡಿ, ಪರಿಚಯದ ಹುಡುಗ, ಸೇವಾ ಕೇಂದ್ರದ ನಿರ್ವಾಹಕ, ಯಾರಾದರೂ ಸರಿ. ‘ಭೂಮಿ’ ಯೋಜನೆ ಯಾವ ಮಧ್ಯವರ್ತಿಯನ್ನು ಬಾಗಿಲಿನಿಂದ ಹೊರಗೆ ಹಾಕಿತ್ತೋ ಅವನು ಕಿಟಕಿಯಿಂದ ಒಳಗೆ ಬಂದಿದ್ದಾನೆ, ಈ ಸಲ ಕೈಯಲ್ಲಿ ಲ್ಯಾಪ್‌ಟಾಪ್ ಹಿಡಿದು.

ದುಡ್ಡಿನ ಮಾತು ಬಿಡಿ. ಐವತ್ತೋ ನೂರೋ ರೂಪಾಯಿ ಹೋದರೆ ಹೋಯಿತು. ಅದಕ್ಕಿಂತ ಗಂಭೀರವಾದದ್ದು ಬೇರೆ ಇದೆ. ಕಣ್ಣು ಕಾಣದವನೊಬ್ಬ ತನ್ನ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಪಾಸ್‌ವರ್ಡ್, ಮೊಬೈಲಿಗೆ ಬಂದ ಒಟಿಪಿ ಎಲ್ಲವನ್ನೂ ಅಪರಿಚಿತನ ಕೈಗೆ ಇಟ್ಟು, ಆತ ಏನು ಒತ್ತಿದ ಎಂಬುದೇ ತಿಳಿಯದೆ ಮನೆಗೆ ಹೋಗಬೇಕು. ಒಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು ಬ್ಯಾಂಕುಗಳು ದಿನವೂ ಸಂದೇಶ ಕಳುಹಿಸುತ್ತವೆ. ಪಾಲಿಸಲು ಸಾಧ್ಯವೇ ಇಲ್ಲದ ಈ ಎಚ್ಚರಿಕೆಯನ್ನು ಆ ಮನುಷ್ಯನಿಗೆ ಓದಿ ಹೇಳುವವನೂ ಬಹುಶಃ ಅದೇ ಅಂಗಡಿಯವನೇ.

ಇದಕ್ಕೆ ತಂತ್ರಜ್ಞಾನದಲ್ಲಿ ಪರಿಹಾರವಿಲ್ಲವೇ? ಇದೆ, ಬಹಳ ಕಾಲದಿಂದ ಇದೆ. ಪರದೆಯ ಮೇಲಿನ ಬರಹವನ್ನು ದನಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶಗಳು ಮೂರು ದಶಕಗಳಿಂದ ಬಳಕೆಯಲ್ಲಿವೆ. ‘ಜಾಸ್’ ದುಬಾರಿಯಾದದ್ದು, ಆಸ್ಟ್ರೇಲಿಯಾದ ಇಬ್ಬರು ಅಂಧ ತರುಣರು 2006ರಲ್ಲಿ ಆರಂಭಿಸಿದ ‘ಎನ್‌ವಿಡಿಎ’ ಪೂರ್ಣ ಉಚಿತ, ಕನ್ನಡವನ್ನೂ ಓದಬಲ್ಲದು. ಆಂಡ್ರಾಯ್ಡ್ ಫೋನುಗಳಲ್ಲಿ ‘ಟಾಕ್‌ಬ್ಯಾಕ್’ ಎಂಬ ಇದೇ ಬಗೆಯ ಸೌಲಭ್ಯ ಸಿಗುತ್ತದೆ. ಆದರೆ ಈ ಉಪಕರಣಗಳು ಮಂತ್ರವಾದಿಗಳಲ್ಲ. ಜಾಲತಾಣ ನಿರ್ಮಿಸಿದವರು ಒಳಗೆ ಏನನ್ನು ಬರೆದಿಟ್ಟಿದ್ದಾರೋ ಅದನ್ನಷ್ಟೇ ಅವು ಓದುತ್ತವೆ. ಬರೆಯದೇ ಬಿಟ್ಟಿದ್ದರೆ ಮೌನ.

ಏನನ್ನು ಬರೆದಿಡಬೇಕು ಎಂಬುದನ್ನು ಹೇಳುವುದೇ ಸುಗಮ್ಯತೆಯ ಮಾನದಂಡ. ವಿಶ್ವವ್ಯಾಪಿ ಜಾಲದ ಒಕ್ಕೂಟವಾದ ಡಬ್ಲ್ಯೂ3ಸಿ 1999ರ ಮೇ ತಿಂಗಳಲ್ಲಿ ಇದರ ಮೊದಲ ಆವೃತ್ತಿಯನ್ನು ಹೊರಡಿಸಿತು. ಡಬ್ಲ್ಯೂಸಿಎಜಿ ಎಂದು ಅದರ ಹೆಸರು. 2008, 2018 ಮತ್ತು 2023ರಲ್ಲಿ ಅದು ಪರಿಷ್ಕೃತವಾಯಿತು. ಹೆಸರು ಕೇಳಿ ಹೆದರಬೇಕಾಗಿಲ್ಲ, ಅದರಲ್ಲಿರುವುದು ಬಹುಮಟ್ಟಿಗೆ ವಿವೇಕದ ಮಾತುಗಳೇ. ಚಿತ್ರವೊಂದನ್ನು ಹಾಕಿದರೆ ಅದರಲ್ಲಿ ಏನಿದೆ ಎಂಬ ಒಂದು ಸಾಲು ಜೊತೆಗಿರಲಿ. ಅರ್ಜಿಯ ಪ್ರತಿ ಖಾಲಿ ಚೌಕಕ್ಕೂ ಅದು ಹೆಸರಿಗೋ ವಿಳಾಸಕ್ಕೋ ಎಂಬ ಗುರುತುಪಟ್ಟಿ ಒಳಗಿನಿಂದಲೇ ಅಂಟಿರಲಿ. ಇಲ್ಲವಾದರೆ ಸ್ಕ್ರೀನ್ ರೀಡರ್ ಬಳಸುವವನಿಗೆ ‘ಚೌಕ, ಚೌಕ, ಚೌಕ’ ಎಂದಷ್ಟೇ ಕೇಳುತ್ತದೆ. ಮೌಸ್ ಹಿಡಿಯಲಾಗದವರು ಕೀಲಿಮಣೆಯಿಂದಲೇ ಎಲ್ಲವನ್ನೂ ಮಾಡುವಂತಿರಲಿ. ಸಾಧಾರಣ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ಬೆಳಕಿನ ವ್ಯತ್ಯಾಸ ಕನಿಷ್ಠ 4.5ಕ್ಕೆ 1ರಷ್ಟಿರಲಿ. ತಪ್ಪಾದ ಕಡೆ ಕೆಂಪು ಬಣ್ಣ ತೋರಿಸಿ ಸುಮ್ಮನಾಗದೆ, ತಪ್ಪು ಏನೆಂದು ಮಾತಿನಲ್ಲಿ ಹೇಳಲಿ. ಸೊಟ್ಟಂಬಟ್ಟ ಅಕ್ಷರಗಳ ಕ್ಯಾಪ್ಚಾ ಎಂಬ ಅಡ್ಡಗೋಡೆಗೆ ಬದಲಿ ದಾರಿ ಇರಲಿ. 2023ರ ಆವೃತ್ತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಳಪ್ರವೇಶಿಸಲು ನೆನಪಿನ ಅಥವಾ ಒಗಟು ಬಿಡಿಸುವ ಪರೀಕ್ಷೆಯೊಂದನ್ನೇ ನೆಚ್ಚಿಕೊಳ್ಳಬಾರದು ಎನ್ನುತ್ತದೆ. ಮನುಷ್ಯ ಹೌದೋ ಅಲ್ಲವೋ ಎಂದು ಪರೀಕ್ಷಿಸುವ ಕ್ಯಾಪ್ಚಾದಲ್ಲಿ ಮೊದಲು ನಪಾಸಾಗುವವರು ಅಂಧರು ಎಂಬುದು ಈ ಯುಗದ ವ್ಯಂಗ್ಯಗಳಲ್ಲೊಂದು.

ಈ ಪಟ್ಟಿಯಲ್ಲಿ ಇಂಗ್ಲಿಷ್ ಜಗತ್ತು ಹೆಚ್ಚು ಚಿಂತಿಸದ, ಆದರೆ ಕನ್ನಡಿಗರಿಗೆ ಪ್ರಾಣವಾದ ಒಂದು ಅಂಶವಿದೆ: ಪುಟ ಯಾವ ಭಾಷೆಯಲ್ಲಿದೆ ಎಂಬುದನ್ನು ಒಳಗಿನ ಸಂಕೇತದಲ್ಲಿ ಘೋಷಿಸಬೇಕು. ಅದು ಘೋಷಣೆಯಾಗದಿದ್ದರೆ ಅಥವಾ ತಪ್ಪಾಗಿ ಇಂಗ್ಲಿಷ್ ಎಂದು ನಮೂದಾಗಿದ್ದರೆ ಓದುವ ಯಂತ್ರ ಇಂಗ್ಲಿಷ್ ದನಿಯಲ್ಲಿ ಕನ್ನಡವನ್ನು ಓದಲು ಹೆಣಗುತ್ತದೆ, ಅಥವಾ ಆ ಸಾಲನ್ನೇ ನುಂಗಿಬಿಡುತ್ತದೆ. ಹತ್ತು ಅಕ್ಷರಗಳ ಒಂದು ಸಂಕೇತ, ಬೆಲೆ ಶೂನ್ಯ. ಆದರೂ ಬಿಟ್ಟುಹೋಗುತ್ತದೆ, ಏಕೆಂದರೆ ಕಣ್ಣಿಗೆ ಪುಟ ಸರಿಯಾಗಿಯೇ ಕಾಣುತ್ತದೆ, ಅದನ್ನು ಅನುಮೋದಿಸುವ ಅಧಿಕಾರಿ ಕಣ್ಣಿನಿಂದಲೇ ನೋಡುತ್ತಾನೆ.

ಕಣ್ಣಿಗೆ ಕಾಣುವುದೇ ಕನ್ನಡ ಎಂಬ ಈ ಭ್ರಮೆಯ ಬೆಲೆಯನ್ನು ನಾವು ಈಗಾಗಲೇ ಒಮ್ಮೆ ತೆತ್ತಿದ್ದೇವೆ. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯನ್ನು ಸರ್ಕಾರವೇ ತನ್ನ ಕಚೇರಿಗಳಿಗೆ ಒಪ್ಪಿಕೊಂಡಿತು. ಕಂಪ್ಯೂಟರಿನಲ್ಲಿ ಕನ್ನಡವೇ ಕಾಣದಿದ್ದ ದಿನಗಳಲ್ಲಿ ಇವು ಮಾಡಿದ ಸೇವೆ ಅಮೂಲ್ಯವಾದದ್ದು. ಆದರೆ ಆ ಕಾಲದ ಅಕ್ಷರಶೈಲಿಗಳು ಕನ್ನಡದ ಅಚ್ಚುಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕೂರಿಸಿದ್ದವು. ‘ಕನ್ನಡ’ ಎಂಬ ಪದವನ್ನು ಹಳೆಯ ನುಡಿಯಲ್ಲಿ ಬೆರಳಚ್ಚಿಸಿದರೆ ಯಂತ್ರದ ಒಳಗೆ ಉಳಿಯುತ್ತಿದ್ದುದು ಹೀಗೆ: ಇಂಗ್ಲಿಷಿನ ‘ಪಿ’, ತಲೆಯ ಮೇಲೆ ಗೀಟಿರುವ ‘ಎ’, ಪೌಂಡ್ ನಾಣ್ಯದ ಚಿಹ್ನೆ, ಮತ್ತೆ ಅದೇ ‘ಎ’, ಜರ್ಮನ್ ಭಾಷೆಯ ಜೋಡಿ ‘ಎಸ್’, ‘ಕ್ಯೂ’, ಮತ್ತೊಮ್ಮೆ ‘ಎ’. ಅಕ್ಷರಶೈಲಿಯ ಮುಸುಕು ಹೊದಿಸಿದರೆ ಕಣ್ಣಿಗೆ ಮುದ್ದಾದ ಕನ್ನಡ. ಮುಸುಕು ತೆಗೆದರೆ ಈ ಕಲಸುಮೇಲೋಗರ. ಸ್ಕ್ರೀನ್ ರೀಡರಿಗೆ ಮುಸುಕು ಕಾಣುವುದಿಲ್ಲ, ಅದು ಒಳಗಿರುವುದನ್ನೇ ಓದುತ್ತದೆ. ಹೀಗಾಗಿ ಸರ್ಕಾರಿ ಕನ್ನಡ ಕಂಪ್ಯೂಟರಿಗೆ ಬಂದ ಮೊದಲ ವರ್ಷಗಳಲ್ಲಿ ರಾಶಿ ರಾಶಿಯಾಗಿ ಸೃಷ್ಟಿಯಾದ ಕಡತಗಳು ಅಂಧ ಕನ್ನಡಿಗರ ಪಾಲಿಗೆ ಕನ್ನಡವೇ ಆಗಿರಲಿಲ್ಲ.

ಕನ್ನಡದ ಪ್ರತಿ ಅಕ್ಷರಕ್ಕೂ ಜಗತ್ತಿನಾದ್ಯಂತ ಒಂದೇ ಸಂಖ್ಯೆ ಕೊಡುವ ಯುನಿಕೋಡ್ ಮಾನದಂಡದಲ್ಲಿ ನಮ್ಮ ಲಿಪಿಗೆ 1991ರಷ್ಟು ಹಿಂದೆಯೇ ಸ್ಥಾನ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಅದು ಸಾಮಾನ್ಯ ಬಳಕೆದಾರರ ಮೇಜಿಗೂ ಬಂತು. ಈಗ ಹೊಸ ಜಾಲತಾಣಗಳು ಬಹುತೇಕ ಯುನಿಕೋಡ್‌ನಲ್ಲಿವೆ, ಅದು ಸಮಾಧಾನದ ಸಂಗತಿ. ಆದರೆ ಹಳೆಯ ಅಭ್ಯಾಸ ಹೊಸ ವೇಷದಲ್ಲಿ ಮುಂದುವರಿದಿದೆ. ಸುತ್ತೋಲೆಯನ್ನು ಯುನಿಕೋಡ್‌ನಲ್ಲೇ ಬೆರಳಚ್ಚಿಸುತ್ತಾರೆ. ಮುದ್ರಿಸಿ, ಸಹಿ ಹಾಕಿ, ಮೊಹರು ಒತ್ತಿ, ಆ ಕಾಗದದ ಚಿತ್ರವನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಎಂದು ಜಾಲಕ್ಕೆ ಏರಿಸುತ್ತಾರೆ. ಅಕ್ಷರಗಳಿದ್ದ ದಾಖಲೆಯನ್ನು ನಾವೇ ಫೋಟೋ ಮಾಡಿ ಮೂಕವಾಗಿಸಿದಂತಾಯಿತು. ಮೊಹರಿನ ಮೇಲೆ ನಮ್ಮ ಕಚೇರಿಗಳಿಗಿರುವ ಭಕ್ತಿ ಬ್ರಿಟಿಷರ ಕಾಲದ್ದು; ಅದನ್ನು ಬಿಡಿಸಲು ಡಿಜಿಟಲ್ ಸಹಿ ಬಂದು ಎರಡು ದಶಕಗಳಾದರೂ ಸಾಧ್ಯವಾಗಿಲ್ಲ.

ಕಾನೂನಿನ ಕೊರತೆ ಇದೆಯೇ ಎಂದರೆ ಅದೂ ಇಲ್ಲ. 1995ರ ಅಂಗವಿಕಲರ ಕಾಯ್ದೆಯ ನಂತರ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2007ರಲ್ಲಿ ಸ್ಥಿರೀಕರಿಸಿತು. ಸರ್ಕಾರಿ ಜಾಲತಾಣಗಳಿಗೆ 2009ರಲ್ಲಿ ಮಾರ್ಗಸೂಚಿ ಬಂತು, 2023ರಲ್ಲಿ ಅದರ ಮೂರನೆಯ ಆವೃತ್ತಿಯೂ ಬಂತು. 2013ರಲ್ಲಿ ರಾಷ್ಟ್ರೀಯ ನೀತಿ, 2015ರಲ್ಲಿ ಸುಗಮ್ಯ ಭಾರತ ಅಭಿಯಾನ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಸರ್ಕಾರಿ ಹಾಗೂ ಖಾಸಗಿ ಸೇವೆಗಳೆರಡೂ ನಿಯಮ ಪ್ರಕಟವಾದ ಎರಡು ವರ್ಷಗಳೊಳಗೆ ಸುಗಮ್ಯವಾಗಬೇಕೆಂದು ವಿಧಿಸಿತು. ಭಾರತೀಯ ಮಾನಕ ಬ್ಯೂರೋ 2021 ಮತ್ತು 2022ರಲ್ಲಿ ಎರಡು ಭಾಗಗಳಾಗಿ ಐಎಸ್ 17802 ಎಂಬ ಮಾನದಂಡವನ್ನು ಹೊರತಂದಿತು. ಜಾಲತಾಣ, ಆ್ಯಪ್, ಯಂತ್ರ, ದಾಖಲೆ ಎಲ್ಲವೂ ಅದರ ವ್ಯಾಪ್ತಿಯಲ್ಲಿವೆ. 2023ರ ಮೇ ತಿಂಗಳಲ್ಲಿ ಅದನ್ನು ಕಾಯ್ದೆಯ ನಿಯಮಗಳಿಗೂ ಸೇರಿಸಲಾಯಿತು.

ಇಷ್ಟೆಲ್ಲ ಇದ್ದೂ ಏಕೆ ಹೀಗೆ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ರಾಜೀವ್ ರಾತೂರಿ ಪ್ರಕರಣದ ತೀರ್ಪಿನಲ್ಲಿ ಬಹಳ ಸ್ಪಷ್ಟವಾದ ಉತ್ತರ ಕೊಟ್ಟಿತು. ಕಾಯ್ದೆ ‘ಮಾಡತಕ್ಕದ್ದು’ ಎನ್ನುತ್ತದೆ. ಅದರಡಿಯ 15ನೇ ನಿಯಮ ಮಾರ್ಗಸೂಚಿಗಳ ಉದ್ದನೆಯ ಪಟ್ಟಿ ಕೊಟ್ಟು ‘ಮಾಡಿದರೆ ಒಳ್ಳೆಯದು’ ಎಂಬ ಧಾಟಿಯಲ್ಲಿ ಮಾತನಾಡುತ್ತದೆ. ಸಂಸತ್ತು ಕಡ್ಡಾಯ ಮಾಡಿದ್ದನ್ನು ಅಧೀನ ನಿಯಮ ಐಚ್ಛಿಕ ಮಾಡಲಾಗದು ಎಂದು ನ್ಯಾಯಾಲಯ ಆ ನಿಯಮವನ್ನು ಕಾಯ್ದೆಗೆ ವಿರುದ್ಧವೆಂದು ಸಾರಿ, ಕನಿಷ್ಠ ಮಾನದಂಡಗಳನ್ನು ಬೇರೆ ತೆಗೆದು ಕಡ್ಡಾಯಗೊಳಿಸಲು ಕೇಂದ್ರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು. ಕಡತಗಳ ನಡುವೆ ಬದುಕು ಸವೆಸಿದ ನನ್ನಂಥವರಿಗೆ ಈ ‘ತಕ್ಕದ್ದು’ ಮತ್ತು ‘ಬಹುದು’ಗಳ ಮಹಿಮೆ ಚೆನ್ನಾಗಿ ಗೊತ್ತು. ವರ್ಷಾಂತ್ಯಕ್ಕೆ ಅನುದಾನ ಖರ್ಚು ಮಾಡುವ ಧಾವಂತದಲ್ಲಿ ‘ಬಹುದು’ ಎಂಬುದೆಲ್ಲ ‘ಬೇಡ’ ಎಂದೇ ಅರ್ಥ ಪಡೆಯುತ್ತದೆ.

ಮುಂದಿನ ವರ್ಷ, 2025ರ ಏಪ್ರಿಲ್ 30ರಂದು, ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇನ್ನೂ ಮುಂದೆ ಹೋಯಿತು. ಆಸಿಡ್ ದಾಳಿಗೆ ಒಳಗಾದವರು ಡಿಜಿಟಲ್ ಕೆವೈಸಿಯ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಲಾಗದೆ ಬ್ಯಾಂಕ್ ಸೇವೆಯಿಂದ ಹೊರಗುಳಿದದ್ದು ಅದರ ಹಿನ್ನೆಲೆ. ಜೊತೆಗೆ ವಿಚಾರಣೆಯಾದ ಅರ್ಜಿ ದೃಷ್ಟಿಹೀನರದು. ಡಿಜಿಟಲ್ ಸೇವೆಗಳನ್ನು ಪಡೆಯುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸಾರಿದ ನ್ಯಾಯಪೀಠ 20 ನಿರ್ದೇಶನಗಳನ್ನು ಕೊಟ್ಟಿತು. ಕಣ್ಣು ಮಿಟುಕಿಸುವುದಕ್ಕೆ ಪರ್ಯಾಯ ಇರಬೇಕು, ಕಾಗದದ ಮೂಲಕ ಕೆವೈಸಿ ಮಾಡುವ ದಾರಿ ಮುಚ್ಚಬಾರದು, ನಿಯತಕಾಲಿಕ ಸುಗಮ್ಯತಾ ತಪಾಸಣೆ ನಡೆಯಬೇಕು, ಹೊಸ ಆ್ಯಪ್ ಅಥವಾ ಜಾಲತಾಣವನ್ನು ಪರೀಕ್ಷಿಸುವ ಹಂತದಲ್ಲೇ ಅಂಧರನ್ನು ಸೇರಿಸಿಕೊಳ್ಳಬೇಕು ಎಂಬವು ಅವುಗಳಲ್ಲಿ ಮುಖ್ಯವಾದವು.

ಈ ತೀರ್ಪು ದೆಹಲಿಯದಾದರೂ ಅದರ ಅಗತ್ಯ ಪಾವಗಡ-ಶಿರಾ ಭಾಗಕ್ಕೆ ಎಷ್ಟಿದೆ ಎಂಬುದನ್ನು ಇಲ್ಲಿನವರು ಬಲ್ಲರು. ಈ ಪ್ರದೇಶದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಅಧಿಕ. ದಶಕಗಳ ಕಾಲ ಅದನ್ನು ಕುಡಿದವರಲ್ಲಿ ಹಲ್ಲು ಕಂದುಗಟ್ಟುವುದಷ್ಟೇ ಅಲ್ಲ, ಮೂಳೆಗಳು ಪೆಡಸಾಗಿ ಬೆನ್ನು, ಕತ್ತು, ಕೈಕೀಲುಗಳು ಬಿಗಿಯುತ್ತವೆ. ಕತ್ತು ತಿರುಗಿಸಲಾಗದವರನ್ನು ಮೊಬೈಲ್ ಕ್ಯಾಮೆರಾ ‘ಮುಖವನ್ನು ಎಡಕ್ಕೆ ತಿರುಗಿಸಿ’ ಎಂದು ಕೇಳುತ್ತದೆ. ಬರದ ನಾಡಿನಲ್ಲಿ ಕೂಲಿಯಿಂದ ಸವೆದ ಬೆರಳುಗಳ ಅಚ್ಚನ್ನು ಯಂತ್ರ ಒಪ್ಪುವುದಿಲ್ಲ. ಪಾವಗಡದಲ್ಲಿ ಸ್ವಾಮಿ ವಿವೇಕಾನಂದ ಸಮಗ್ರ ಗ್ರಾಮೀಣ ಆರೋಗ್ಯ ಕೇಂದ್ರವು ಕುಷ್ಠರೋಗಿಗಳ ಶುಶ್ರೂಷೆಯನ್ನೂ ಕಣ್ಣಿನ ಶಸ್ತ್ರಚಿಕಿತ್ಸೆಯನ್ನೂ ವರ್ಷಗಳಿಂದ ಮಾಡಿಕೊಂಡು ಬಂದಿದೆ. ಕುಷ್ಠ ವಾಸಿಯಾದರೂ ಕಳೆದುಹೋದ ಬೆರಳ ತುದಿ ಮರಳಿ ಬರುವುದಿಲ್ಲ ಎಂಬುದನ್ನು ಬೆರಳಚ್ಚು ಯಂತ್ರ ತಯಾರಿಸಿದವರು ಯೋಚಿಸಿರಲಿಲ್ಲ.

ಫ್ಲೋರೈಡಿನ ಮಾತು ಬಂದದ್ದರಿಂದ ಒಂದು ಹೋಲಿಕೆ ತಾನಾಗಿಯೇ ಹೊಳೆಯುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಎಂಬ ಮಾನದಂಡವಿದೆ. ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹ್ಯ. ಐಎಸ್ 17802 ಹೊರಡಿಸಿದ್ದೂ ಅದೇ ಬ್ಯೂರೋ. ಮೊದಲನೆಯ ಮಾನದಂಡ ಪಾವಗಡದ ಜನರಿಗೆ ಉಪಯೋಗಕ್ಕೆ ಬಂದದ್ದು ಪುಸ್ತಕದಲ್ಲಿ ಅಚ್ಚಾದ ದಿನವಲ್ಲ. ಯಾರೋ ಕೊಳವೆಬಾವಿಯ ನೀರನ್ನು ಶೀಷೆಯಲ್ಲಿ ತುಂಬಿ ಪ್ರಯೋಗಾಲಯಕ್ಕೆ ಒಯ್ದರು, ಅಂಕಿ ಬಂತು, ಆ ಅಂಕಿಯನ್ನು ಹಿಡಿದು ಜನ ಕೇಳಿದರು, ಆಮೇಲೆ ಶುದ್ಧ ನೀರಿನ ಘಟಕಗಳು ಬಂದವು, ತುಂಗಭದ್ರೆಯ ಹಿನ್ನೀರಿನಿಂದ ನೀರು ತರುವ ಯೋಜನೆ ರೂಪುಗೊಂಡಿತು. ನೀರಿಗೆ ಶೀಷೆ ಇದ್ದಂತೆ ಜಾಲತಾಣಕ್ಕೂ ಒಂದು ಶೀಷೆ ಬೇಕು. ಈ ಆ್ಯಪ್ ಪಾಸು, ಆ ತಾಣ ನಪಾಸು, ಇಂಥ ಪುಟದ ಇಂಥ ಚೌಕದಲ್ಲಿ ದೋಷ ಎಂದು ಹೇಳುವ, ಸಾರ್ವಜನಿಕರು ಓದಬಹುದಾದ ವರದಿ ಬೇಕು. ಕೇಂದ್ರದಲ್ಲಿ ಜಾಲತಾಣಗಳ ಗುಣಮಟ್ಟವನ್ನು ಪ್ರಮಾಣೀಕರಿಸುವ ಎಸ್‌ಟಿಕ್ಯೂಸಿ ಎಂಬ ನಿರ್ದೇಶನಾಲಯ ಇದೆ. ಆದರೆ ಹೋಬಳಿಯ ರೈತ ದಿನನಿತ್ಯ ಎದುರಿಸುವ ರಾಜ್ಯದ ಆ್ಯಪ್‌ಗಳಿಗೆ, ಕನ್ನಡದಲ್ಲಿ, ಕನ್ನಡ ಬಳಸುವ ಅಂಗವಿಕಲರೇ ಮಾಡಿದ ಪರೀಕ್ಷೆಯ ಫಲಿತಾಂಶ ಜನರ ಮುಂದೆ ಬಂದದ್ದನ್ನು ನಾನು ಕಂಡಿಲ್ಲ.

ಬದಲಿಗೆ ಕಾಣುವುದು ಅಲಂಕಾರ. ಓದುಗರು ಗಮನಿಸಿರಬಹುದು, ಅನೇಕ ಸರ್ಕಾರಿ ತಾಣಗಳ ತಲೆಯಲ್ಲಿ ಅಕ್ಷರ ದೊಡ್ಡದು ಮಾಡುವ ಮೂರು ಗುಂಡಿಗಳೂ ‘ಸ್ಕ್ರೀನ್ ರೀಡರ್ ಪ್ರವೇಶ’ ಎಂಬ ಕೊಂಡಿಯೂ ಇರುತ್ತವೆ. ಗುಂಡಿ ಒತ್ತಿದರೆ ಅಕ್ಷರ ದೊಡ್ಡದಾಗುತ್ತದೆ ನಿಜ, ಆ ಸೌಲಭ್ಯ ಬ್ರೌಸರಿನಲ್ಲೇ ಮೊದಲಿನಿಂದ ಇತ್ತು. ಕೊಂಡಿ ಒತ್ತಿದರೆ ಸ್ಕ್ರೀನ್ ರೀಡರ್ ತಂತ್ರಾಂಶಗಳ ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ಆ ಪಟ್ಟಿಯವರೆಗೆ ಬರುವ ಅಂಧನ ಬಳಿ ಅದು ಈಗಾಗಲೇ ಇರಬೇಕಲ್ಲವೇ? ಬಾಗಿಲಿಗೆ ಮಾವಿನ ತೋರಣ ಕಟ್ಟಿದ ಮಾತ್ರಕ್ಕೆ ಹೊಸ್ತಿಲ ಎತ್ತರ ಕಡಿಮೆಯಾಗುವುದಿಲ್ಲ.

ಖರ್ಚಿನ ಆಕ್ಷೇಪ ಖಂಡಿತ ಬರುತ್ತದೆ. ‘ಇಷ್ಟು ಕಡಿಮೆ ಜನಕ್ಕೆ ಇಷ್ಟೊಂದು ವೆಚ್ಚವೇ’ ಎಂಬುದು ಹಣಕಾಸು ಇಲಾಖೆಯ ಹಳೆಯ ಪಲ್ಲವಿ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರಿದ್ದರು. ಆ ಗಣತಿ 8 ಬಗೆಯ ವೈಕಲ್ಯಗಳನ್ನಷ್ಟೇ ಎಣಿಸಿತ್ತು, ಕಾಯ್ದೆ ಈಗ 21ನ್ನು ಒಪ್ಪುತ್ತದೆ. ಹಾಗಾಗಿ ನಿಜವಾದ ಸಂಖ್ಯೆ ಇದಕ್ಕಿಂತ ಹೆಚ್ಚೇ ಇರಬೇಕು. ಇದು ಚಿಕ್ಕ ಸಂಖ್ಯೆಯೇ ಎಂಬುದನ್ನು ಓದುಗರೇ ತೀರ್ಮಾನಿಸಲಿ. ಇನ್ನು ವೆಚ್ಚ. ಮನೆ ಕಟ್ಟುವಾಗಲೇ ಇಳಿಜಾರು ಹಾಕುವುದಕ್ಕೂ ಕಟ್ಟಿ ಮುಗಿಸಿದ ಮೇಲೆ ಮೆಟ್ಟಿಲು ಒಡೆದು ಹಾಕುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ವಿನ್ಯಾಸದ ಹಂತದಲ್ಲಿ ಗುರುತುಪಟ್ಟಿ, ಚಿತ್ರವಿವರ, ಭಾಷೆಯ ಘೋಷಣೆ ಇವುಗಳಿಗೆ ತಗಲುವುದು ಮುಖ್ಯವಾಗಿ ಎಚ್ಚರ. ಐದು ವರ್ಷದ ನಂತರ ಲಕ್ಷಾಂತರ ಸ್ಕ್ಯಾನ್ ಪುಟಗಳನ್ನು ಮತ್ತೆ ಅಕ್ಷರವಾಗಿಸಲು ತಗಲುವುದು ನಿಜವಾದ ಹಣ.

ಅಮರ್ತ್ಯ ಸೇನ್ 2009ರ ತಮ್ಮ ‘ದಿ ಐಡಿಯಾ ಆಫ್ ಜಸ್ಟಿಸ್’ ಗ್ರಂಥದಲ್ಲಿ ಅಂಗವಿಕಲರ ಬಡತನವನ್ನು ಎರಡು ಭಾಗವಾಗಿ ನೋಡುತ್ತಾರೆ. ಗಳಿಸುವುದಕ್ಕೇ ತೊಡಕು, ಅದು ಮೊದಲನೆಯದು. ಗಳಿಸಿದ್ದನ್ನು ಬದುಕಾಗಿ ಪರಿವರ್ತಿಸಿಕೊಳ್ಳಲು ಇರುವ ತೊಡಕು ಎರಡನೆಯದು. ಒಂದೇ ಕೆಲಸಕ್ಕೆ ಉಳಿದವರಿಗಿಂತ ಹೆಚ್ಚು ಹಣ, ಹೆಚ್ಚು ಹೊತ್ತು, ಇನ್ನೊಬ್ಬರ ನೆರವು ಬೇಕಾಗುತ್ತದೆ. ಆದಾಯವನ್ನಷ್ಟೇ ಅಳೆಯುವ ಬಡತನ ರೇಖೆಗೆ ಈ ಎರಡನೆಯದು ಕಾಣುವುದಿಲ್ಲ. ಸರ್ಕಾರದ ಪಿಂಚಣಿ ಮೊದಲ ತೊಡಕಿಗೆ ಅಲ್ಪ ಪರಿಹಾರ. ಆ ಪಿಂಚಣಿಯನ್ನೇ ಪಡೆಯಲು ದಾಟಬೇಕಾದ ಪರದೆ ಎರಡನೆಯ ತೊಡಕನ್ನು ಬೆಳೆಸಿದರೆ ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಕಸಿದುಕೊಂಡಂತೆ.

ಇದರ ಪ್ರಯೋಜನ ಅಂಗವಿಕಲರಿಗಷ್ಟೇ ಸೀಮಿತವೂ ಅಲ್ಲ. 2011ರಲ್ಲಿ ರಾಜ್ಯದ ಸಾಕ್ಷರತೆ ಶೇ 75ರಷ್ಟು; ಅಂದರೆ ನಾಲ್ಕರಲ್ಲೊಬ್ಬರಿಗೆ ಓದಲು ಬಾರದು. ದನಿಯಾಗಿ ಓದಬಲ್ಲ ಪುಟ ಅವರಿಗೂ ದಾರಿ. ಬಿಸಿಲಿನ ಹೊಲದಲ್ಲಿ ಅಗ್ಗದ ಫೋನ್ ಹಿಡಿದು ಬೆಳೆ ಸಮೀಕ್ಷೆ ಮಾಡುವವರಿಗೆ ಅಕ್ಷರ ಮತ್ತು ಹಿನ್ನೆಲೆಯ ವ್ಯತ್ಯಾಸ ಎದ್ದು ಕಾಣಬೇಕು. ಚಾಳೀಸು ದಾಟಿದ ನಾವೆಲ್ಲರೂ ತಿಳಿ ಬೂದು ಬಣ್ಣದ ಸಣ್ಣ ಅಕ್ಷರಗಳನ್ನು ಶಪಿಸಿದವರೇ.

ಹಾಗಾದರೆ ಎಲ್ಲಿ ಹಿಡಿಯಬೇಕು? ನನ್ನ ಅನುಭವದಲ್ಲಿ ಸರ್ಕಾರಿ ಕೆಲಸವನ್ನು ಸರಿಪಡಿಸುವ ಜಾಗ ಒಂದೇ, ಬಿಲ್ಲು ಪಾಸಾಗುವ ಮೇಜು. ಸೇತುವೆ ಕಟ್ಟಿದ ಗುತ್ತಿಗೆದಾರನಿಗೆ ಅಳತೆ ಪುಸ್ತಕದಲ್ಲಿ ನಮೂದಾಗದೆ ಹಣ ಪಾವತಿಯಾಗುವುದಿಲ್ಲ. ತಂತ್ರಾಂಶ ಕಟ್ಟಿದ ಕಂಪನಿಗೆ ಆ ಅಳತೆ ಪುಸ್ತಕವೇ ಇಲ್ಲ. ಪರದೆಯ ಮೇಲೆ ಸುಂದರವಾದ ಪ್ರಾತ್ಯಕ್ಷಿಕೆ ತೋರಿಸಿದರೆ ಸಾಕಾಗುತ್ತದೆ. ಆದ್ದರಿಂದ ರಾಜ್ಯದ ಪ್ರತಿ ತಂತ್ರಾಂಶ ಟೆಂಡರಿನಲ್ಲೂ ಐಎಸ್ 17802 ಪಾಲನೆ ಷರತ್ತಾಗಬೇಕು. ಸ್ವತಂತ್ರ ತಪಾಸಣೆಯ ವರದಿ ಬರುವವರೆಗೆ ಕೊನೆಯ ಕಂತನ್ನು ತಡೆಹಿಡಿಯಬೇಕು. ವಾರ್ಷಿಕ ನಿರ್ವಹಣೆಯ ಹಣಕ್ಕೂ ಇದೇ ನಿಯಮ ಅನ್ವಯವಾಗಬೇಕು. ಆರಂಭದಲ್ಲಿ ಸುಗಮವಾಗಿದ್ದ ಆ್ಯಪ್ ಒಂದು ‘ಅಪ್‌ಡೇಟ್’ ಆದ ಮಾರನೆಯ ದಿನ ಕೆಡುವುದು ಹೊಸದೇನಲ್ಲ. ಕಾಯ್ದೆಯ 89ನೇ ಪ್ರಕರಣದಲ್ಲಿ ಮೊದಲ ಉಲ್ಲಂಘನೆಗೆ 10,000 ರೂಪಾಯಿವರೆಗೆ, ಮರುಕಳಿಸಿದರೆ 50,000ದಿಂದ 5 ಲಕ್ಷ ರೂಪಾಯಿವರೆಗೆ ದಂಡ ಇದೆ. ಕೋಟಿಗಳ ಗುತ್ತಿಗೆಯ ಮುಂದೆ 10,000 ರೂಪಾಯಿ ಚಿಲ್ಲರೆ ಕಾಸು. ತಡೆಹಿಡಿದ ಕಂತಿಗೆ ಇರುವ ಶಕ್ತಿ ಈ ದಂಡಕ್ಕಿಲ್ಲ.

ತಪಾಸಣೆಯನ್ನು ಬೆಂಗಳೂರಿನ ಹವಾನಿಯಂತ್ರಿತ ಕೊಠಡಿಯಲ್ಲಿ, ಇಂಗ್ಲಿಷ್ ಬಲ್ಲ ಪರಿಣತರಿಂದ ಮಾತ್ರ ಮಾಡಿಸುವುದೂ ಸಾಲದು. ತಂತ್ರಜ್ಞಾನ ಬಲ್ಲ ಅಂಗವಿಕಲರಿಗೆ ತರಬೇತಿ ಕೊಡುವ ‘ಮಿತ್ರಜ್ಯೋತಿ’, ‘ಎನೇಬಲ್ ಇಂಡಿಯಾ’ದಂಥ ಸಂಸ್ಥೆಗಳು ರಾಜಧಾನಿಯಲ್ಲಿವೆ, ಅವುಗಳ ಅನುಭವ ಬಳಸಿಕೊಳ್ಳಬೇಕು. ಜೊತೆಗೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಕೆಲಸ ಮಾಡುವ, ಬಹುತೇಕ ತಾವೇ ಅಂಗವಿಕಲರಾಗಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅಲ್ಪ ಗೌರವಧನಕ್ಕೆ ಅರ್ಜಿಗಳನ್ನು ಹೊತ್ತು ತಿರುಗುವ ಈ ಜನರಿಗೆ ಯಾವ ತಾಣ ಎಲ್ಲಿ ಕೈಕೊಡುತ್ತದೆ ಎಂಬುದು ಯಾವ ಸಲಹಾ ಸಂಸ್ಥೆಗಿಂತಲೂ ಚೆನ್ನಾಗಿ ಗೊತ್ತು. ಅವರ ದೂರನ್ನು ದಾಖಲಿಸಿಕೊಂಡು ಇಂತಿಷ್ಟು ದಿನದಲ್ಲಿ ಉತ್ತರಿಸುವ ಏರ್ಪಾಡನ್ನು ಸಕಾಲದ ಚೌಕಟ್ಟಿನಲ್ಲೇ ಮಾಡಬಹುದು. ಪರೀಕ್ಷೆಯಲ್ಲಿ ಭಾಗವಹಿಸುವವರಿಗೆ ದಿನಭತ್ಯೆ ಕೊಡಬೇಕೆಂಬುದನ್ನೂ ಸೇರಿಸುತ್ತೇನೆ. ಪರಿಣತರಿಗೆ ಕೊಡುವಾಗ ಲೆಕ್ಕ ಹಾಕದ ಇಲಾಖೆಗಳು ಇಂಥವರಿಗೆ ಕೊಡುವಾಗ ಚಹಾ ಬಿಸ್ಕತ್ತಿನಲ್ಲಿ ಮುಗಿಸುತ್ತವೆ.

ತಾಣಗಳು ಸುಗಮವಾಗುವವರೆಗೂ, ಆದ ಮೇಲೂ, ಹೋಬಳಿಯಲ್ಲಿ ಕಾಗದದ ಅರ್ಜಿ ತೆಗೆದುಕೊಳ್ಳುವ ಒಂದು ಮೇಜು ಉಳಿಯಬೇಕು. ಸುಪ್ರೀಂ ಕೋರ್ಟ್ ಬ್ಯಾಂಕುಗಳ ಕೆವೈಸಿಗೆ ಹೇಳಿದ್ದು ನಾಡಕಚೇರಿಗೆ ಏಕೆ ಅನ್ವಯಿಸಬಾರದು?

ಆರಂಭಕ್ಕೆ ನೂರು ಜಾಲತಾಣಗಳ ಮಹಾಯೋಜನೆ ಬೇಕಿಲ್ಲ. ಶೇಂಗಾ ಬೆಳೆಗಾರ ಮುಟ್ಟಲೇಬೇಕಾದ ನಾಲ್ಕನ್ನು ಆರಿಸಿಕೊಳ್ಳಲಿ: ಪಹಣಿ, ಫ್ರೂಟ್ಸ್, ಬೆಳೆ ಸಮೀಕ್ಷೆ, ಬೆಳೆ ವಿಮೆ. ಮುಂಗಾರಿನ ವಿಮೆ ನೋಂದಣಿ ಆರಂಭವಾಗುವ ಮೊದಲೇ ಗೌಡಗೆರೆಯಂಥ ಒಂದು ಹೋಬಳಿಯಲ್ಲಿ, ಕಣ್ಣು ಕಾಣದ ಒಬ್ಬರು, ಕೈ ಸ್ವಾಧೀನವಿಲ್ಲದ ಒಬ್ಬರು, ಓದಲು ಬಾರದ ಒಬ್ಬರು, ಬೇರಾರ ನೆರವೂ ಇಲ್ಲದೆ ಈ ನಾಲ್ಕನ್ನೂ ತಮ್ಮ ಫೋನಿನಲ್ಲಿ ಪೂರೈಸಬಲ್ಲರೇ ಎಂದು ಕೃಷಿ ಮತ್ತು ಕಂದಾಯ ಇಲಾಖೆಗಳು ಜಂಟಿಯಾಗಿ ನೋಡಲಿ. ಎಷ್ಟು ನಿಮಿಷ ಹಿಡಿಯಿತು, ಯಾವ ಪುಟದಲ್ಲಿ ನಿಂತುಹೋಯಿತು ಎಂಬುದನ್ನು ಬರೆದು, ಆ ವರದಿಯನ್ನು ರಾಜ್ಯ ಅಂಗವಿಕಲರ ಆಯುಕ್ತರಿಗೆ ಸಲ್ಲಿಸಿ, ಎಲ್ಲರೂ ನೋಡುವಂತೆ ಪ್ರಕಟಿಸಲಿ. ಸ್ಕ್ಯಾನ್ ಮಾಡಿದ ಪಿಡಿಎಫ್ ರೂಪದಲ್ಲಿ ಮಾತ್ರ ಬೇಡ.